ಅಜ್ಜನ ಕೋವಿಗೆ ಬೆಲೆಯೆಷ್ಟು?

ಮನೆಯ ಯಜಮಾನರು ತೀರಿಕೊಂಡು ಉತ್ತರಕ್ರಿಯೆಗಳೆಲ್ಲ ಮುಗಿದಿವೆ. ದೂರದ ನೆಂಟರು ಹೊರಟುಹೋಗಿ ಹತ್ತಿರದವರು ಮಾತ್ರ ಉಳಿದಿದ್ದಾರೆ. ಮಧ್ಯಾಹ್ನದ ಊಟವಾದ ಮೇಲೆ ಬೀರುಗಳ ಬೀಗ ತೆಗೆಯುವ ಕೆಲಸ ಆರಂಭವಾಗುತ್ತದೆ. ಪತ್ರಗಳು, ಪಾಸುಬುಕ್ಕುಗಳು, ಜರಿಯ ಪಂಚೆಗಳು, ಕನ್ನಡಕದ ಡಬ್ಬಿಗಳು ಒಂದೊಂದಾಗಿ ಹೊರಬೀಳುತ್ತವೆ. ಕಟ್ಟಕಡೆಗೆ, ಹಳೆಯ ಧೋತರದಲ್ಲಿ ಸುತ್ತಿಟ್ಟ ಉದ್ದನೆಯ ವಸ್ತುವೊಂದು ಬೀರುವಿನ ಹಿಂಬದಿಯಿಂದ ಈಚೆಗೆ ಬರುತ್ತದೆ. ಬಟ್ಟೆ ಬಿಚ್ಚಿದರೆ ಒಂದು ರೈಫಲ್. ತೀರಿಕೊಂಡವರ ತಂದೆ, ಊರು ಬಿಟ್ಟು ಹೊರಟ ಆಂಗ್ಲ ತೋಟಗಾರನೊಬ್ಬನಿಂದ ಕೊಂಡದ್ದು. ಮೊಮ್ಮಕ್ಕಳ ಪಾಲಿಗೆ ಅದು ಅಜ್ಜನ ಕೋವಿ.

ಕೂಡಲೇ ಅಭಿಪ್ರಾಯಗಳ ಸುರಿಮಳೆಯಾಗುತ್ತದೆ. "ಇಂಥದ್ದಕ್ಕೆ ವಿಲಾಯಿತಿಯಲ್ಲಿ ಲಕ್ಷಗಟ್ಟಲೆ ಕೊಡುತ್ತಾರೆ, ಅತ್ತೆ" ಎನ್ನುತ್ತಾನೆ ಅಳಿಯ. "ಗುಜರಿಯವನಿಗೂ ಬೇಡ, ಅಕ್ಕಯ್ಯ. ಪೊಲೀಸರ ಕಾಟ ಬೇರೆ. ಕೆರೆಗೆ ಎಸೆದು ಕೈತೊಳೆದುಕೊಳ್ಳುವುದು ವಾಸಿ" ಎನ್ನುತ್ತಾರೆ ಸೋದರಮಾವ. ಸೊಸೆಗೆ ಎದ್ದು ಕಾಣುವುದು ನಳಿಗೆಯ ಮೇಲಿನ ಮಂಕು. "ಹುಣಿಸೆಹಣ್ಣು ಹಚ್ಚಿ ತಿಕ್ಕಿದರೆ ಫಳಫಳ ಹೊಳೆಯುತ್ತದೆ. ಆಮೇಲೆ ಯಾರಿಗಾದರೂ ತೋರಿಸಬಹುದು" ಎಂದು ಅವಳು ಎದ್ದು ನಿಲ್ಲುತ್ತಾಳೆ. ತಾಯಿ ಮಾತ್ರ ಸುಮ್ಮನೆ ಕುಳಿತಿದ್ದಾರೆ. "ಅವರು ವರ್ಷಕ್ಕೊಮ್ಮೆ ಎಣ್ಣೆ ಸವರಿ ಇಡುತ್ತಿದ್ದರು. ಒಂದು ದಿನವೂ ಉಜ್ಜಿದ್ದನ್ನು ಕಾಣೆ" ಎಂಬುದಿಷ್ಟೇ ಅವರ ಮಾತು.

ಮಲೆನಾಡಿನ ಯಾವುದೇ ಕಾಫಿ ತೋಟದ ಮನೆಯಲ್ಲಿ, ಮೈಸೂರಿನ ಹಳೆಯ ಬಂಗಲೆಯಲ್ಲಿ, ಅಷ್ಟೇಕೆ, ಬೆಂಗಳೂರಿನ ಬಡಾವಣೆಯ ಮನೆಯಲ್ಲೂ ನಡೆಯಬಹುದಾದ ದೃಶ್ಯವಿದು. ಅಳಿಯನ ಲಕ್ಷವೂ ಮಾವನ ಗುಜರಿಯೂ ಎರಡೂ ಬರಿಯ ಊಹೆಗಳು. ಆದರೆ ಮೂರು ಸಲಹೆಗಳಲ್ಲಿ ಅತ್ಯಂತ ನಿರಪಾಯವಾಗಿ ತೋರುವ ಸೊಸೆಯ ಸಲಹೆಯೇ ಬೆಲೆಯ ದೃಷ್ಟಿಯಿಂದ ಎಲ್ಲಕ್ಕಿಂತ ಹೆಚ್ಚು ಹಾನಿಕರವಾದದ್ದು. ಏಕೆಂದರೆ ಹಳೆಯ ರೈಫಲಿನ ಜಾತಕವೆಲ್ಲ ಅದರ ಉಕ್ಕಿನ ಮೇಲೆಯೇ ಬರೆದಿರುತ್ತದೆ. ಅದನ್ನು ಓದುವ ಮುನ್ನ ಉಜ್ಜಿ ಅಳಿಸಿದವರು, ಓದದೆಯೇ ಉಯಿಲನ್ನು ಹರಿದುಹಾಕಿದವರಂತೆ.

ಓದುವುದಕ್ಕೂ ಮೊದಲು ಒಂದು ಕರ್ತವ್ಯವಿದೆ. ಕೋವಿಯ ಪರವಾನಗಿ ಮನೆತನಕ್ಕೆ ಕೊಟ್ಟದ್ದಲ್ಲ, ವ್ಯಕ್ತಿಗೆ ಕೊಟ್ಟದ್ದು. ಆ ವ್ಯಕ್ತಿ ತೀರಿಕೊಂಡೊಡನೆ ಅದರ ಬಲ ಮುಗಿಯಿತು. 1959ರಲ್ಲಿ ಅಂಗೀಕೃತವಾಗಿ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಆಯುಧ ಕಾಯಿದೆಯ 21ನೆಯ ಕಲಮಿನಂತೆ, ವಾರಸುದಾರರು ಅನಗತ್ಯ ವಿಳಂಬವಿಲ್ಲದೆ ಕೋವಿಯನ್ನೂ ತೋಟಾಗಳನ್ನೂ ಪೊಲೀಸು ಠಾಣೆಯಲ್ಲಾಗಲಿ, ಪರವಾನಗಿಯುಳ್ಳ ಕೋವಿ ವ್ಯಾಪಾರಿಯಲ್ಲಾಗಲಿ ಠೇವಣಿಯಿಟ್ಟು ರಸೀತಿ ಪಡೆಯಬೇಕು. ಠೇವಣಿಯಿಟ್ಟ ಮಾತ್ರಕ್ಕೆ ಕೋವಿ ಕೈಬಿಟ್ಟುಹೋಗುವುದಿಲ್ಲ. ವಾರಸುದಾರರಲ್ಲಿ ಒಬ್ಬರು, ಉಳಿದವರ ಒಪ್ಪಿಗೆಯೊಡನೆ, ತಮ್ಮ ಹೆಸರಿಗೆ ಪರವಾನಗಿ ಕೋರಿ ಅರ್ಜಿ ಹಾಕಬಹುದು. ಯಜಮಾನರಿಗೆ ಎಪ್ಪತ್ತು ವರ್ಷ ತುಂಬಿದ್ದರೆ, ಅಥವಾ ಅವರು ಇಪ್ಪತ್ತೈದು ವರ್ಷ ಕೋವಿಯನ್ನು ಇಟ್ಟುಕೊಂಡಿದ್ದರೆ, ಅವರು ಬದುಕಿರುವಾಗಲೇ ವಾರಸುದಾರನಿಗೆ ವರ್ಗಾಯಿಸಲು 2016ರ ಆಯುಧ ನಿಯಮಗಳಲ್ಲಿ ಅವಕಾಶವುಂಟು. ಈ ಕೆಲಸವನ್ನು ಹಿರಿಯರ ಕಾಲದಲ್ಲೇ ಮುಗಿಸಿಕೊಂಡ ಮನೆಗಳಿಗೆ ಅರ್ಧ ತೊಂದರೆ ತಪ್ಪಿದಂತೆ. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿಗಳಿರಕೂಡದು. ವಂಶಪಾರಂಪರ್ಯವಾಗಿ ಬಂದವೂ ಈ ಲೆಕ್ಕಕ್ಕೆ ಸೇರುತ್ತವೆ.

ಕೊಡಗಿನ ಮಾತು ಸ್ವಲ್ಪ ಬೇರೆ. ಅಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಬಂದಿರುವ ವಿನಾಯಿತಿಯೊಂದುಂಟು. ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು ಹತ್ತು ವರ್ಷಗಳಿಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ತೋಕನ್ನು ನೆಲ್ಲಕ್ಕಿಯ ಕೋಣೆಯಲ್ಲಿಟ್ಟು, ನಳಿಗೆಗೆ ತೋಕ್‌ಪೂವನ್ನು ಸಿಕ್ಕಿಸಿ ಪೂಜಿಸುವ ಆ ನಾಡಿನಲ್ಲಿ ಕೋವಿಯು ಮನೆಯ ಹಿರಿಯನಿಗೆ ಸಮಾನ. ಆದರೆ ಅಲ್ಲಿಯೂ ವಿನಾಯಿತಿ ಪತ್ರವೆಂಬುದೊಂದಿದೆ; ಅದನ್ನು ಜೋಪಾನವಾಗಿ ಇಡಬೇಕಾದದ್ದೇ. ಉಳಿದ ಜಿಲ್ಲೆಗಳವರು ಕೊಡಗಿನ ಮಾತನ್ನು ಕೇಳಿ ತಮಗೂ ಅನ್ವಯಿಸುತ್ತದೆಂದು ಭಾವಿಸಿದರೆ ಪ್ರಮಾದವಾದೀತು.

ಸೋದರಮಾವ ಹೇಳಿದಂತೆ ಕೆರೆಗೆ ಎಸೆಯುವುದು ಎಲ್ಲಕ್ಕಿಂತ ಕೆಟ್ಟ ಮಾರ್ಗ. ಕೋವಿ ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಸರ್ಕಾರದ ದಾಖಲೆಯಲ್ಲಿ ಉತ್ತರ ಉಳಿಯುವುದಿಲ್ಲ. ನಾಳೆ ಅದು ಯಾರದೋ ಕೈಗೆ ಸಿಕ್ಕಿ ಅನಾಹುತವಾದರೆ ತೀರಿಕೊಂಡವರ ಹೆಸರೇ ಮೊದಲು ಬೆಳಕಿಗೆ ಬರುವುದು.

ಆ ಮನೆಯ ಹಿರಿಯ ಮಗ ಬುದ್ಧಿವಂತ. ಮಾರನೆಯ ದಿನವೇ ತಂದೆಯ ಪರವಾನಗಿ ಪುಸ್ತಕವನ್ನು ಹಿಡಿದು ಠಾಣೆಗೆ ಸುದ್ದಿ ಮುಟ್ಟಿಸಿದ. ಅವರು ಹೇಳಿದಂತೆ ಕೋವಿಯನ್ನು ಪೇಟೆಯ ಕೋವಿ ಅಂಗಡಿಯಲ್ಲಿ ಠೇವಣಿಯಿಟ್ಟ. ಅಂಗಡಿಯ ಮುದುಕರು ಕನ್ನಡಕ ಏರಿಸಿಕೊಂಡು ಮೊದಲು ಮಾಡಿದ ಕೆಲಸ, ರೈಫಲನ್ನು ಗೋಡೆಯ ಕಡೆಗೆ ತಿರುಗಿಸಿ ಬೋಲ್ಟನ್ನು ಹಿಂದಕ್ಕೆಳೆದು ಒಳಗೆ ತೋಟಾ ಉಳಿದಿದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿದ್ದು. "ಖಾಲಿ ಕೋವಿ ಎಂದು ತಿಳಿದದ್ದರಿಂದಲೇ ಹೆಚ್ಚು ಜನ ಸತ್ತಿರುವುದು, ತಮ್ಮಾ" ಎಂದರು. ಗುರುತು ಹಿಡಿಯುವ ವಿದ್ಯೆಯ ಮೊದಲ ಪಾಠವೂ ಅದೇ. ಕೋವಿಯ ಪರಿಚಯವಿಲ್ಲದವರು ಈ ಪರೀಕ್ಷೆಯನ್ನು ತಾವೇ ಮಾಡಹೋಗದೆ ಬಲ್ಲವರಿಗೆ ಬಿಡುವುದು ಕ್ಷೇಮ.

ಎರಡನೆಯ ಪಾಠ, ಅದು ರೈಫಲ್ ಹೌದೋ ಅಲ್ಲವೋ ಎಂಬುದು. ಮಲೆನಾಡಿನಲ್ಲಿ ಕೇಪಿನ ಕೋವಿ, ತೋಟಾ ಕೋವಿ, ಜೋಡುನಳಿಗೆ ಎಂಬ ಭೇದಗಳು ಎಲ್ಲರಿಗೂ ಗೊತ್ತು. ಇವುಗಳಲ್ಲಿ ಬಹುಪಾಲಿನ ನಳಿಗೆಯ ಒಳಮೈ ನುಣುಪು. ಚರೆ ಹಾರಿಸುವುದಕ್ಕೆ ಮಾಡಿದವು. ರೈಫಲಿನ ನಳಿಗೆಯೊಳಗೆ ಸುರುಳಿಯಾಕಾರದ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳಿಸುತ್ತವೆ. ಬೋಲ್ಟ್ ತೆಗೆದು ನಳಿಗೆಯ ಮೂಲಕ ಬೆಳಕಿನ ಕಡೆಗೆ ನೋಡಿದರೆ ಈ ಗೀರುಗಳು ಕಾಣುತ್ತವೆ. ಇಲ್ಲಿಯೂ ಮೋಸಹೋಗುವ ಸಂದರ್ಭವುಂಟು. 1885ರ ಸುಮಾರಿಗೆ ಫಾಸ್ಬರಿ ಎಂಬ ಕರ್ನಲ್ ಕಂಡುಹಿಡಿದು ಹಾಲಂಡ್ ಅಂಡ್ ಹಾಲಂಡ್ ಕಂಪನಿಯವರು ತಯಾರಿಸಿದ 'ಪ್ಯಾರಡಾಕ್ಸ್' ಎಂಬ ಕೋವಿಗೆ ನಳಿಗೆಯ ತುದಿಯ ಕೆಲವೇ ಅಂಗುಲಗಳಲ್ಲಿ ಗೀರುಗಳಿವೆ, ಉಳಿದದ್ದೆಲ್ಲ ನುಣುಪು. ಸಾಮಾನ್ಯ ಜೋಡುನಳಿಗೆಯೆಂದು ತಿಳಿದು ಅಂಥದನ್ನು ಅಗ್ಗಕ್ಕೆ ಕೊಟ್ಟುಬಿಟ್ಟವರು ಆಮೇಲೆ ಪರಿತಪಿಸಬೇಕಾದೀತು.

ಮೂರನೆಯದು ಬೋರ್, ಅಂದರೆ ನಳಿಗೆಯ ಒಳಗಾತ್ರ. ಬ್ರಿಟಿಷ್ ರೈಫಲುಗಳಲ್ಲಿ ಇದನ್ನು ಅಂಗುಲದ ದಶಮಾಂಶದಲ್ಲಿ ಹೇಳುವುದು ವಾಡಿಕೆ. .303 ಎಂದರೆ ಅಂಗುಲದ ಸಾವಿರ ಪಾಲಿನಲ್ಲಿ 303 ಪಾಲು. ಈ ಸಂಖ್ಯೆಗಳು ಬರಿಯ ಅಳತೆಯಲ್ಲ. ಭಾರತದ ಚರಿತ್ರೆಯೂ ಅವುಗಳಲ್ಲಿ ಅಡಗಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರವು .450 ಬೋರಿನ ಬೇಟೆಯ ರೈಫಲುಗಳನ್ನು ಭಾರತಕ್ಕೆ ತರಕೂಡದೆಂದು ತಡೆಯಿತು. ಆ ಅಳತೆಯ ತೋಟಾ ಮತ್ತು ಗುಂಡು ಹಳೆಯ ಸೈನಿಕ ರೈಫಲುಗಳಿಗೆ ಒದಗಿ ದಂಗೆಕೋರರ ಕೈಸೇರೀತೆಂಬ ಭಯ. ಕೂಡಲೇ ಇಂಗ್ಲೆಂಡಿನ ಕೋವಿಗಾರರು .465, .470, .475 ಎಂದು ಹೊಸ ಬೋರುಗಳನ್ನು ಹುಟ್ಟಿಸಿದರು. ಆದಕಾರಣ ಯಾರಾದರೂ ".470 ಬೋರಿನ ಈ ರೈಫಲನ್ನು ನಮ್ಮ ಮುತ್ತಜ್ಜ 1890ರಲ್ಲಿ ಕೊಂಡದ್ದು" ಎಂದರೆ, ಮುತ್ತಜ್ಜನ ಮೇಲೆ ಗೌರವವಿಟ್ಟುಕೊಂಡೇ ಆ ಮಾತನ್ನು ಬದಿಗಿಡಬಹುದು.

ಬೋರಿನಿಂದಲೇ ಕಾಯಿದೆಯ ವರ್ಗವೂ ತೀರ್ಮಾನವಾಗುತ್ತದೆ. .303 ಸೈನ್ಯದ ಬೋರ್. ಆದ್ದರಿಂದ ಭಾರತದಲ್ಲಿ ನಿಷೇಧಿತ ಬೋರುಗಳ ಸಾಲಿಗೆ ಸೇರಿದೆ. ಅಂಥದ್ದು ಪಾಲಿಗೆ ಬಂದರೆ ಪರವಾನಗಿಗೆ ಕೇಂದ್ರ ಗೃಹ ಮಂತ್ರಾಲಯದವರೆಗೆ ಹೋಗಬೇಕು. ಅದಕ್ಕೆ ತೀರ ಹತ್ತಿರದಲ್ಲಿರುವ .315 ಮಾತ್ರ ನಾಗರಿಕರದು. ಸೈನ್ಯದ ತೋಟಾಗಿಂತ ಬೇರೆಯದಾಗಿರಲೆಂದೇ ಆ ಬೋರ್ ಭಾರತದಲ್ಲಿ ರೂಢಿಗೆ ಬಂತು. ಇಲ್ಲಿನ ಶಸ್ತ್ರ ಕಾರ್ಖಾನೆಗಳು ಆ ರೈಫಲನ್ನೂ ತೋಟಾವನ್ನೂ ತಯಾರಿಸುತ್ತ ಬಂದಿವೆ. ನೋಡುವುದಕ್ಕೆ ಅಣ್ಣತಮ್ಮಂದಿರಂತಿರುವ ಎರಡು ರೈಫಲುಗಳಲ್ಲಿ ಒಂದನ್ನು ಮಾರಬಹುದು, ಇನ್ನೊಂದನ್ನು ಮುಟ್ಟುವುದಕ್ಕೂ ದೆಹಲಿಯ ಅಪ್ಪಣೆ ಬೇಕು. ಬೆಲೆಯ ಮಾತು ಆರಂಭವಾಗುವುದು ಇಲ್ಲಿಂದ.

ಅಂಗಡಿಯ ಮುದುಕರು ಪರವಾನಗಿ ಪುಸ್ತಕವನ್ನು ತೆರೆದು ನೋಡಿದರು. ಬೋರಿನ ಎದುರಿಗೆ .318 ಎಂದು ಬರೆದಿತ್ತು. ಅದು ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯವರು 1910ರಲ್ಲಿ ಹೊರತಂದ ಬೋರ್; ಒಂದು ಕಾಲಕ್ಕೆ ಭಾರತದ ಮತ್ತು ಆಫ್ರಿಕದ ಬೇಟೆಗಾರರಿಗೆ ಬಹಳ ಮೆಚ್ಚಾಗಿದ್ದದ್ದು. ಅವರು ಒಂದು ಎಚ್ಚರಿಕೆಯನ್ನೂ ಹೇಳಿದರು. ಜರ್ಮನಿಯ ಹಳೆಯ ಎಂಟು ಮಿಲಿಮೀಟರಿನ ಮೌಸರ್ ತೋಟಾದ ಗುಂಡಿನ ಅಡ್ಡಳತೆಯೂ .318 ಅಂಗುಲವೇ. ಹೆಸರು ಒಂದೆಂದು ಒಂದರ ತೋಟಾವನ್ನು ಇನ್ನೊಂದಕ್ಕೆ ಹಾಕಹೊರಟರೆ ಅಪಾಯ. ಅಜ್ಜ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಲಾದೀತೇ? ಹಾಗೆಯೇ ಅಜ್ಜನ ಕೋವಿಯೆಂಬ ಅಭಿಮಾನದಿಂದ, ಸಿಕ್ಕಿದ ತೋಟಾ ಹಾಕಿ ಹಾರಿಸಲೂ ಆಗದು.

ಬಳಿಕ ಅವರು ತಿರುಪುಮೊಳೆಗಳನ್ನು ಮೆಲ್ಲನೆ ಬಿಚ್ಚಿ ನಳಿಗೆಯನ್ನು ಮರದ ಹಿಡಿಯಿಂದ ಬೇರ್ಪಡಿಸಿದರು. ಮಗ ಬೆರಗಾದ. ಮೇಲೆ ಮಂಕಾಗಿದ್ದ ಉಕ್ಕು, ಮರದ ಮರೆಯಲ್ಲಿ ಇನ್ನೂ ಕಡುನೀಲಿಯಾಗಿತ್ತು. ಅಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕದಾದ ಕಿರೀಟದ ಮುದ್ರೆಗಳು, ಅವುಗಳ ಕೆಳಗೆ ಅಕ್ಷರಗಳು. ಇವೇ ಪರೀಕ್ಷಾ ಮುದ್ರೆಗಳು. ಕೋವಿಯನ್ನು ಮಾರುವ ಮುನ್ನ ಮಾಮೂಲಿಗಿಂತ ಹೆಚ್ಚಿನ ಮದ್ದು ತುಂಬಿ ಹಾರಿಸಿ, ನಳಿಗೆ ತಡೆದುಕೊಂಡರೆ ಮಾತ್ರ ಮುದ್ರೆ ಒತ್ತುವ ಪದ್ಧತಿ ಯೂರೋಪಿನಲ್ಲಿ ಬಹಳ ಹಿಂದಿನದು. ಲಂಡನ್ನಿನ ಕೋವಿಗಾರರ ಸಂಘಕ್ಕೆ 1637ರಲ್ಲೇ ರಾಜಶಾಸನ ದೊರೆತಿತ್ತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರದು. ಬೆಲ್ಜಿಯಮಿನ ಲೀಜ್ ಪಟ್ಟಣದ್ದು ಮೊಟ್ಟೆಯಾಕಾರದ ವೃತ್ತದೊಳಗೆ 'ಇ.ಎಲ್.ಜಿ.' ಎಂಬ ಅಕ್ಷರಗಳುಳ್ಳ ಮುದ್ರೆ. 1893ರಲ್ಲಿ ಅದರ ತಲೆಗೊಂದು ಕಿರೀಟ ಸೇರಿತು. ಕಿರೀಟವಿಲ್ಲದಿದ್ದರೆ ಕೋವಿ ಅದಕ್ಕೂ ಹಳೆಯದು.

ಬರ್ಮಿಂಗ್‌ಹ್ಯಾಮಿನ ಮುದ್ರೆಯಲ್ಲಿಯೂ ಇಂಥದೇ ಗುಟ್ಟಿದೆ. 1904ಕ್ಕೆ ಹಿಂದಿನ ಮುದ್ರೆಯಲ್ಲಿ ಅಡ್ಡಡ್ಡವಾಗಿಟ್ಟ ಎರಡು ರಾಜದಂಡಗಳಿರುತ್ತವೆ. ಆಮೇಲಿನದರಲ್ಲಿ ಕಿರೀಟದ ಕೆಳಗೆ 'ಬಿ.ಪಿ.', 'ಬಿ.ವಿ.', 'ಎನ್.ಪಿ.' ಎಂಬ ಅಕ್ಷರಗಳು. ಇವುಗಳಲ್ಲಿ ಕೊನೆಯದು ಪ್ರಾಣಕ್ಕೆ ಸಂಬಂಧಪಟ್ಟದ್ದು: ಆ ನಳಿಗೆಯು ಹೊಗೆಯಿಲ್ಲದ ಹೊಸ ಮದ್ದಿನ ಒತ್ತಡವನ್ನು ತಡೆದುಕೊಂಡಿದೆಯೆಂಬುದಕ್ಕೆ ಅದು ಸಾಕ್ಷಿ. ಕಪ್ಪುಮದ್ದಿನ ಕಾಲದ ಕೋವಿಗೆ ಹೊಸ ತೋಟಾ ಹಾಕಿದರೆ ನಳಿಗೆ ಸಿಡಿದು ಕೈಕಣ್ಣುಗಳು ಹೋಗಬಹುದು. ಸೊಸೆಯ ಹುಣಿಸೆಹಣ್ಣೂ ಉಪ್ಪುಕಾಗದವೂ ಅಳಿಸಿಬಿಡುವುದು ಸಾಸಿವೆಯಷ್ಟಗಲದ ಇಂಥ ಅಕ್ಷರಗಳನ್ನೇ.

ನಾಲ್ಕನೆಯದು ಹೆಸರು. ನಳಿಗೆಯ ಮೇಲಿರುವ ಹೆಸರೆಲ್ಲ ತಯಾರಿಸಿದವರದೆಂದು ತಿಳಿಯಬಾರದು. ಕಲ್ಕತ್ತೆಯ ಮ್ಯಾಂಟನ್, ರೊಡ್ಡಾ, ಮದ್ರಾಸಿನ ಪಿ. ಆರ್ ಅಂಡ್ ಸನ್ಸ್ ಮುಂತಾದ ದೊಡ್ಡ ಅಂಗಡಿಗಳವರು ಇಂಗ್ಲೆಂಡಿನಿಂದ ಕೋವಿಗಳನ್ನು ತರಿಸಿ ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದರು. 1914ರ ಆಗಸ್ಟಿನಲ್ಲಿ ಬಂಗಾಳದ ಕ್ರಾಂತಿಕಾರಿಗಳು ಐವತ್ತು ಮೌಸರ್ ಪಿಸ್ತೂಲುಗಳನ್ನು ಹಾರಿಸಿಕೊಂಡುಹೋದದ್ದು ಈ ರೊಡ್ಡಾ ಕಂಪನಿಗೆ ಬಂದಿದ್ದ ಸರಕಿನಿಂದಲೇ. ಇನ್ನು ಬೆಲ್ಜಿಯಮಿನ ಕೆಲವು ಅಗ್ಗದ ಕೋವಿಗಳ ಮೇಲೆ ಹೆಸರಾಂತ ಕಂಪನಿಗಳ ಹೆಸರನ್ನೇ ಹೋಲುವ ಹೆಸರುಗಳನ್ನು ಒತ್ತುವ ಚಾಳಿಯಿತ್ತು. 'ವೆಸ್ಟ್ಲಿ' ಎಂಬುದನ್ನು ಬಿಟ್ಟು 'ಡಬ್ಲ್ಯು. ರಿಚರ್ಡ್ಸ್' ಎಂದಷ್ಟೇ ಒತ್ತಿದ ಕೋವಿಗಳು ಇದಕ್ಕೆ ಉದಾಹರಣೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಹೆಸರು ಒಂದನ್ನು ಹೇಳಿ ಮುದ್ರೆ ಇನ್ನೊಂದನ್ನು ಹೇಳಿದರೆ ಮುದ್ರೆಯನ್ನೇ ನಂಬಬೇಕು.

ಸೈನ್ಯದ ಹಳೆಯ ರೈಫಲುಗಳಲ್ಲಿ ಈ ಓದು ಸುಲಭ. ಲೀ-ಎನ್‌ಫೀಲ್ಡ್ ರೈಫಲಿನಲ್ಲಿ ಬೋಲ್ಟಿನ ಹಿಡಿಕೆಯ ಕೆಳಗೆ, ಮರದ ಹಿಡಿಯನ್ನು ಸುತ್ತಿದ ಲೋಹದ ಪಟ್ಟಿಯ ಬಲಭಾಗದಲ್ಲಿ ಕಿರೀಟ, ದೊರೆಯ ಹೆಸರಿನ ಅಕ್ಷರಗಳು, ಕಾರ್ಖಾನೆಯ ಹೆಸರು, ವರ್ಷ, ಮಾದರಿ ಎಲ್ಲವೂ ಒಂದರ ಕೆಳಗೊಂದು ಇರುತ್ತವೆ. ಅಲ್ಲಿ 'ಜಿ.ಆರ್.ಐ.' ಎಂದಿದ್ದರೆ ಅದು ಕಲ್ಕತ್ತೆಯ ಬಳಿಯ ಈಶಾಪುರದ ಕಾರ್ಖಾನೆಯಲ್ಲಿ, ಭಾರತದ ಚಕ್ರವರ್ತಿಯೆನಿಸಿಕೊಂಡ ಜಾರ್ಜ್ ದೊರೆಗಳ ಕಾಲದಲ್ಲಿ ತಯಾರಾದದ್ದು. ಗಣರಾಜ್ಯವಾದ ಮೇಲೆ ಕಿರೀಟ ಇಳಿದು ಅಶೋಕನ ಸಿಂಹಗಳು ಆ ಸ್ಥಾನಕ್ಕೆ ಬಂದವು. ಒಂದು ದೇಶದ ಇತಿಹಾಸವೇ ಎರಡಂಗುಲ ಲೋಹದ ಮೇಲೆ ಮೂಡಿದೆ.

ಐದನೆಯದು ಸಂಖ್ಯೆ. ನಳಿಗೆ, ಬೋಲ್ಟ್ ಮುಂತಾದ ಮುಖ್ಯ ಭಾಗಗಳ ಮೇಲೆ ಸಂಖ್ಯೆಗಳಿದ್ದರೆ ಅವು ಒಂದೇ ಆಗಿರಬೇಕು. ಬೇರೆಬೇರೆಯಾಗಿದ್ದರೆ ಎರಡು ಕೋವಿಗಳ ಭಾಗ ಸೇರಿಸಿ ಒಂದು ಮಾಡಿದ್ದೆಂದರ್ಥ. ಬೆಲೆ ತಗ್ಗುತ್ತದೆ, ಹಾರಿಸುವವನಿಗೆ ಅಪಾಯವೂ ಇದೆ. ಪರವಾನಗಿ ಪುಸ್ತಕದ ಸಂಖ್ಯೆಗೂ ಕೋವಿಯ ಸಂಖ್ಯೆಗೂ ತಾಳೆಯಾಗದಿದ್ದರಂತೂ ಕೊಳ್ಳುವವರು ಅಲ್ಲಿಂದಲೇ ಹಿಂದಿರುಗಬೇಕು. ಸಂಖ್ಯೆಯನ್ನು ಅಳಿಸಿದ ಅಥವಾ ತಿದ್ದಿದ ಕೋವಿಯನ್ನು ಇಟ್ಟುಕೊಳ್ಳುವುದೇ ಅಪರಾಧ. ರಿಗ್ಬಿ, ಹಾಲಂಡ್, ವೆಸ್ಟ್ಲಿ ರಿಚರ್ಡ್ಸ್ ಮೊದಲಾದ ಹಳೆಯ ಕಂಪನಿಗಳು ತಮ್ಮ ಕಾರ್ಖಾನೆಯ ದಫ್ತರುಗಳನ್ನು ಜೋಪಾನ ಮಾಡಿವೆ. ಸಂಖ್ಯೆಯನ್ನು ಬರೆದು ಕಳಿಸಿದರೆ ಆ ಕೋವಿ ಯಾವಾಗ, ಯಾರಿಗಾಗಿ ಹೊರಟಿತೆಂಬುದನ್ನು ದಫ್ತರು ನೋಡಿ ತಿಳಿಸುವುದುಂಟು. ಮಗ ಆ ಕೆಲಸಕ್ಕಾಗಿ ಸಂಖ್ಯೆಯನ್ನು ಬರೆದುಕೊಂಡ.

ಇಷ್ಟಾದ ಮೇಲೆ ಸ್ಥಿತಿ. ಹಳೆಯ ತೋಟಾಗಳ ಕೇಪಿನಲ್ಲಿದ್ದ ಪೊಟ್ಯಾಸಿಯಮ್ ಕ್ಲೋರೇಟು ಉರಿದಾಗ ಒಂದು ಬಗೆಯ ಲವಣ ನಳಿಗೆಯೊಳಗೆ ಉಳಿಯುತ್ತದೆ. ಉಪ್ಪಿನಂತೆ ಅದೂ ತೇವವನ್ನು ಹೀರಿ, ಮಳೆಗಾಲದ ಮಲೆನಾಡಿನಲ್ಲಿ ಕೆಲವೇ ದಿನಗಳಲ್ಲಿ ಉಕ್ಕನ್ನು ತಿನ್ನತೊಡಗುತ್ತದೆ. ಕೋವಿ ಹಾರಿಸಿದ ಸಂಜೆಯೇ ಹಿಂದಿನವರು ನಳಿಗೆಗೆ ಕುದಿಯುವ ನೀರು ಹೊಯ್ದು ಒರೆಸಿ ಎಣ್ಣೆ ಹಚ್ಚುತ್ತಿದ್ದುದು ಇದೇ ಕಾರಣದಿಂದ. ಬೆಳಕಿಗೆ ಹಿಡಿದಾಗ ಗೀರುಗಳ ಅಂಚು ಚೂಪಾಗಿದ್ದು ಒಳಮೈ ಕನ್ನಡಿಯಂತಿದ್ದರೆ ಉತ್ತಮ. ಸಿಡುಬಿನ ಕಲೆಗಳಂತೆ ಗುಳಿ ಬಿದ್ದಿದ್ದರೆ ಕನಿಷ್ಠ. ಆಯುಧಪೂಜೆಯ ದಿನ ನಳಿಗೆಗಿಟ್ಟ ಒದ್ದೆ ಕುಂಕುಮವನ್ನು ಒರೆಸದೆ ಬಿಟ್ಟರೆ ಅಲ್ಲಿಯೂ ತುಕ್ಕು ಹಿಡಿಯುತ್ತದೆ. ಚರ್ಮದ ಚೀಲದಲ್ಲಿಯೇ ಇಟ್ಟು ಮರೆತರೂ ಹಾಗೆಯೇ. ಕೈ ಹಿಡಿಯುವೆಡೆ ಮರ ಬಿರುಕು ಬಿಟ್ಟಿದೆಯೇ, ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡಿದ್ದಾರೆಯೇ, ದುರ್ಬೀನು ಕೂರಿಸಲು ತೂತು ಕೊರೆದಿದ್ದಾರೆಯೇ, ಹೊಸದಾಗಿ ನೀಲಿ ಬಣ್ಣ ಕೊಡಿಸಿದ್ದಾರೆಯೇ ಎಂಬುದನ್ನೆಲ್ಲ ನೋಡಬೇಕು. ಸಂಗ್ರಹಕಾರರ ಕಣ್ಣಿಗೆ ಸವೆದ ಮೂಲಬಣ್ಣವೇ ಮೇಲು, ಹೊಳೆಯುವ ಹೊಸಬಣ್ಣ ಕೀಳು. ಹಿತ್ತಾಳೆಯ ಚೊಂಬಿನ ನ್ಯಾಯ ಕೋವಿಗೆ ಸಲ್ಲದು.

ಕೊನೆಯದು, ಕೋವಿಯ ಹಿಂದಿನ ಕಥೆ. ಇದರಿಂದ ಬೆಲೆ ಹೇಗೆ ಏರುತ್ತದೆಂಬುದಕ್ಕೆ ಜಿಮ್ ಕಾರ್ಬೆಟ್ಟರ ರೈಫಲ್ ಸಾಕ್ಷಿ. ನೇಪಾಳದಲ್ಲೂ ಕುಮಾವೂ ಪ್ರಾಂತದಲ್ಲೂ ಒಟ್ಟು 436 ಜನರನ್ನು ಬಲಿ ತೆಗೆದುಕೊಂಡಿತೆಂದು ಹೇಳಲಾಗುವ ಚಂಪಾವತದ ಹೆಣ್ಣುಹುಲಿಯನ್ನು ಅವರು 1907ರಲ್ಲಿ ಕೊಂದರು. ಅದನ್ನು ಮೆಚ್ಚಿ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ಟರು ಅವರಿಗೆ .275 ಬೋರಿನ ರಿಗ್ಬಿ ರೈಫಲೊಂದನ್ನು ಬಹುಮಾನವಾಗಿ ಕೊಟ್ಟರು. ಕೊಟ್ಟ ಕಾರಣವನ್ನು ಕೆತ್ತಿದ ಬೆಳ್ಳಿಯ ತಗಡು ಅದರ ಮರದ ಹಿಡಿಯ ಮೇಲಿದೆ. ಕಾರ್ಬೆಟ್ಟರು 1955ರಲ್ಲಿ ಕೀನ್ಯದಲ್ಲಿ ತೀರಿಕೊಂಡ ಮೇಲೆ ಅದು ಅವರ ಪ್ರಕಾಶಕರಾದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನವರಲ್ಲಿತ್ತು. ಕಡೆಗೆ ತಯಾರಿಸಿದ ರಿಗ್ಬಿ ಕಂಪನಿಗೇ ಮರಳಿತು. ಅದೇ ಬೋರಿನ ಅದೇ ಮಾದರಿಯ ಬೇರೆ ರೈಫಲುಗಳೂ ಇವೆ; ಆದರೆ ಆ ತಗಡು ಅವುಗಳಿಗಿಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ನರು ಬಳಸುತ್ತಿದ್ದದ್ದು .405 ಬೋರಿನ ವಿಂಚೆಸ್ಟರ್. ಇವತ್ತು ಯಾರಾದರೂ ಅಂಥ ರೈಫಲನ್ನು ತೋರಿಸಿ "ಇದು ಆಂಡರ್ಸನ್ ಸಾಹೇಬರದು" ಎಂದರೆ, ಕೊಳ್ಳುವವರು ಕೇಳಬೇಕಾದ ಮಾತು ಒಂದೇ: ಕಾಗದವೆಲ್ಲಿ? ಹಳೆಯ ಪರವಾನಗಿ ಪುಸ್ತಕ, ಅಂಗಡಿಯ ರಸೀತಿ, ಕೋವಿ ಹಿಡಿದು ತೆಗೆಸಿದ ಫೋಟೋ, ಪೆಟ್ಟಿಗೆಯೊಳಗೆ ಅಂಟಿಸಿದ ಚೀಟಿ ಇವೆಲ್ಲ ಕೋವಿಯಷ್ಟೇ ಬೆಲೆಯುಳ್ಳವು. ಬೀರು ತೆರೆದ ದಿನ ಮೊದಲು ಒಲೆಗೆ ಬೀಳುವುದೂ ಇವೇ!

ಹಾಗಾದರೆ ಬೆಲೆಯೆಷ್ಟು? ಅಳಿಯ ಹೇಳಿದ ವಿಲಾಯಿತಿಯ ಲಕ್ಷವು ಇಲ್ಲಿಯವರಿಗೆ ಕನ್ನಡಿಯೊಳಗಿನ ಗಂಟು. ಕೋವಿಯನ್ನು ದೇಶದ ಹೊರಗೆ ಕಳಿಸುವುದು ಮನೆಯವರ ಇಷ್ಟಕ್ಕೆ ಬಿಟ್ಟ ಸಂಗತಿಯಲ್ಲ. ನೂರು ವರ್ಷ ಮೀರಿ ಐತಿಹಾಸಿಕ ಮಹತ್ವವುಳ್ಳದ್ದಾದರೆ 1972ರ ಪ್ರಾಚ್ಯವಸ್ತು ಕಾಯಿದೆಯೂ ಅಡ್ಡ ಬರುತ್ತದೆ. ದೇಶದೊಳಗೆ ಕೊಳ್ಳುವವನ ಬಳಿ ಅದಕ್ಕೆ ತಕ್ಕ ಪರವಾನಗಿ ಇರಬೇಕು; ಖಾಸಗಿಯಾಗಿ ಮಾರುವವರು ನಲವತ್ತೈದು ದಿನ ಮುಂಚಿತವಾಗಿ ಅಧಿಕಾರಿಗಳಿಗೆ ಬರೆದು ತಿಳಿಸಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯ ಕಾಲ ಮುಗಿದು, ದೊಡ್ಡ ರೈಫಲುಗಳು ಉದ್ಯೋಗವಿಲ್ಲದೆ ಕುಳಿತವು. ಇನ್ನೊಂದು ಕಡೆ, 1980ರ ದಶಕದ ಮಧ್ಯದಲ್ಲಿ ವಿದೇಶೀ ಕೋವಿಗಳ ಆಮದು ಸಾಮಾನ್ಯರಿಗೆ ಬಹುಮಟ್ಟಿಗೆ ನಿಂತುಹೋದುದರಿಂದ, ಇಲ್ಲಿ ಮೊದಲೇ ಇದ್ದ ಒಳ್ಳೆಯ ವಿಲಾಯಿತಿ ಕೋವಿಗಳಿಗೆ ಬೇಡಿಕೆ ಬಂತು. ಅದರಲ್ಲೂ ತೋಟಾ ಸಿಗುವ ಬೋರಿಗೆ ಗಿರಾಕಿಯುಂಟು. ತೋಟಾ ಸಿಗದ ಬೋರು ಎಷ್ಟೇ ಹೆಸರಾಂತವಾದರೂ ಮೇವಿಲ್ಲದ ಆನೆ. ಈ ಲೆಕ್ಕಗಳನ್ನೆಲ್ಲ ಕೂಡಿ ಕಳೆದು, ಒಬ್ಬರಲ್ಲ, ಇಬ್ಬರು ಮೂವರು ಪರವಾನಗಿಯುಳ್ಳ ವ್ಯಾಪಾರಿಗಳ ಅಂದಾಜನ್ನು ಬರವಣಿಗೆಯಲ್ಲಿ ಪಡೆದ ಮೇಲೆಯೇ ಬೆಲೆಯೆಂಬುದು ಗೊತ್ತಾಗುವುದು. ಮೊದಲು ಕೇಳಿದವನಿಗೆ ಮೊದಲ ದಿನವೇ ಕೊಡುವುದು ಅವಸರದ ವ್ಯಾಪಾರ.

ಕೆಲವು ತಿಂಗಳ ನಂತರ ಆ ಮನೆಗೆ ಬರ್ಮಿಂಗ್‌ಹ್ಯಾಮಿನಿಂದ ಉತ್ತರ ಬಂತು. ರೈಫಲ್ ವೆಸ್ಟ್ಲಿ ರಿಚರ್ಡ್ಸ್‌ನವರದೇ. ಇಂಥ ವರ್ಷ ಕಲ್ಕತ್ತೆಯ ಅಂಗಡಿಯೊಂದಕ್ಕೆ ಕಳಿಸಿದ್ದು ಎಂದಿತ್ತು. ಅದರಲ್ಲಿ ರಾಜನ ಹೆಸರಿರಲಿಲ್ಲ, ಹೆಸರಾಂತ ಬೇಟೆಗಾರನದೂ ಇರಲಿಲ್ಲ. ನಳಿಗೆ ಚೆನ್ನಾಗಿದೆ, ಸಂಖ್ಯೆಗಳು ತಾಳೆಯಾಗುತ್ತವೆ, ಮೂಲಬಣ್ಣವಿದೆ. ಆದರೆ ತೋಟಾ ದುರ್ಲಭ ಎಂದು ವ್ಯಾಪಾರಿಗಳು ಬರೆದುಕೊಟ್ಟರು. ಅವರ ಅಂದಾಜು ಅಳಿಯನ ಲಕ್ಷಗಳಿಗಿಂತ ಬಹಳ ಕೆಳಗಿತ್ತು, ಸೋದರಮಾವನ ಗುಜರಿಗಿಂತ ಬಹಳ ಮೇಲಿತ್ತು.

ಮಗ ಕಾಗದಗಳನ್ನೆಲ್ಲ ತಾಯಿಯ ಮುಂದಿಟ್ಟು, "ಮಾರೋಣವೇ ಅಮ್ಮಾ, ನನ್ನ ಹೆಸರಿಗೆ ಅರ್ಜಿ ಹಾಕಲೇ?" ಎಂದು ಕೇಳಿದ. ತಾಯಿ ಕಾಗದವನ್ನು ಎರಡು ಸಲ ಓದಿದರು.

"ಅರ್ಜಿ ಹಾಕು. ಸಿಕ್ಕದಿದ್ದರೆ ಆಗ ಮಾರಿದರಾಯಿತು. ಅವರು ಎಣ್ಣೆ ಸವರುತ್ತಿದ್ದ ಬಟ್ಟೆ ಬೀರುವಿನಲ್ಲೇ ಇದೆ, ಬಿಸಾಡಬೇಡಿ" ಎಂದರು.

ಸೊಸೆ ಎದ್ದುಹೋಗಿ ಆ ಬಟ್ಟೆಯನ್ನು ಮಡಿಸಿ, ಪರವಾನಗಿ ಪುಸ್ತಕದ ಜೊತೆಗೆ ಇಟ್ಟಳು.